ಛಾಯಾಗ್ರಹಣದ ಹವ್ಯಾಸ: ಗ್ರಹಣವೋ, ಪರಿಗ್ರಹವೋ?

ಕನ್ನಡದಲ್ಲಿ ನಾವು ಫೋಟೋವನ್ನು 'ತೆಗೆಯುತ್ತೇವೆ', 'ಹಿಡಿಯುತ್ತೇವೆ'. ಸಲಿಗೆಯ ಮಾತಿನಲ್ಲಿ 'ಹೊಡೆಯುತ್ತೇವೆ'. ಗ್ರಾಂಥಿಕ ಭಾಷೆಯಲ್ಲಿ ಈ ಕಾರ್ಯಕ್ಕೆ ಛಾಯಾಗ್ರಹಣವೆಂದೂ, ಅದನ್ನು ಮಾಡುವವನಿಗೆ ಛಾಯಾಗ್ರಾಹಕನೆಂದೂ ಹೆಸರು. ಈ ಶಬ್ದಗಳಲ್ಲಿ ಒಂದಾದರೂ ಕೊಡುವ ಕ್ರಿಯೆಯನ್ನು ಸೂಚಿಸುವುದಿಲ್ಲ. ಎಲ್ಲವೂ ತೆಗೆದುಕೊಳ್ಳುವ ಶಬ್ದಗಳೇ. ಗ್ರಹಣ ಶಬ್ದದ ಧಾತುವೇ ನಮಗೆಲ್ಲ ಬಾಲ್ಯದಿಂದ ಪರಿಚಿತವಾದ 'ಪರಿಗ್ರಹ' ಶಬ್ದದಲ್ಲಿಯೂ ಇದೆ. ಅಂಗಡಿಗೆ ಬಂದು ಸರಕು ಕೊಳ್ಳುವವನನ್ನೂ ನಾವು 'ಗ್ರಾಹಕ'ನೆಂದೇ ಕರೆಯುತ್ತೇವೆ. ಇನ್ನು 'ಹವ್ಯಾಸ' ಎಂಬ ಶಬ್ದವು ಕನ್ನಡದಲ್ಲಿ ಬಿಡುವಿನ ವೇಳೆಯ ಒಳ್ಳೆಯ ಅಭ್ಯಾಸವೆಂಬ ಅರ್ಥದಲ್ಲಿ ರೂಢವಾಗಿದೆ. ಬೆಳಗಾವಿ, ಕೊಲ್ಲಾಪುರದ ಕಡೆಯ ನಮ್ಮ ಬಂಧುಗಳು ಆಡುವ ಮರಾಠಿಯಲ್ಲಿ ಅದೇ ಶಬ್ದಕ್ಕೆ ಅತಿಯಾಸೆ, ಹಪಾಹಪಿ ಎಂಬ ಅರ್ಥವಿದೆ.

ಶಬ್ದಗಳ ಈ ಸಾಕ್ಷ್ಯವನ್ನು ಮುಂದಿಟ್ಟುಕೊಂಡು ಒಂದು ಪ್ರಶ್ನೆಯನ್ನು ವಿಚಾರಿಸುವುದು ಪ್ರಸ್ತುತ ಲೇಖನದ ಉದ್ದೇಶ. ಶ್ರೇಷ್ಠವಾದ ಒಂದು ಛಾಯಾಚಿತ್ರ ತನ್ನ ಕೈಯಿಂದ ಆಗಬೇಕೆಂದು ವರ್ಷಗಟ್ಟಲೆ ಶ್ರಮಿಸುವ ಹವ್ಯಾಸಿಗೆ ದೊರೆಯುವ ಸಂತೃಪ್ತಿ ಯಾವ ಬಗೆಯದು? ಅದು ಕಂಡದ್ದರ ಸಂತೃಪ್ತಿಯೋ, ಕೂಡಿಟ್ಟದ್ದರ ಸಂತೃಪ್ತಿಯೋ? ಜೀವನೋಪಾಯಕ್ಕಾಗಿ ಚಿತ್ರ ತೆಗೆಯುವವರ ವಿಚಾರವನ್ನು ನಾನಿಲ್ಲಿ ಎತ್ತಿಕೊಂಡಿಲ್ಲ. ಅವರ ಶ್ರಮಕ್ಕೆ ಬೇರೆ ಮಾನದಂಡವಿದೆ. ನಮ್ಮ ಮನೆಗಳಲ್ಲಿ ಹಿರಿಯರು ಈ ಹವ್ಯಾಸವನ್ನು ದುಂದುವೆಚ್ಚವೆನ್ನುತ್ತಾರೆ, ಕಿರಿಯರು ಕಲೆಯೆನ್ನುತ್ತಾರೆ. ಬಟ್ಟೆಯ ವ್ಯಾಪಾರದಿಂದ ಸಂಸಾರ ನಡೆಸುತ್ತ, ನಾಲ್ಕು ದಶಕಗಳಿಂದ ಕ್ಯಾಮೆರಾವನ್ನು ಕೈಬಿಡದ ನನಗೆ ಈ ಎರಡೂ ಮಾತುಗಳು ಅರ್ಧಸತ್ಯಗಳಾಗಿ ತೋರಿವೆ.

ಹವ್ಯಾಸಿಗಳ ಇತಿಹಾಸದಲ್ಲಿ ಮೊದಲು ನೆನೆಯಬೇಕಾದವರು ಜೂಲಿಯಾ ಮಾರ್ಗರೆಟ್ ಕ್ಯಾಮರಾನ್. ಇವರು ಹುಟ್ಟಿದ್ದು ನಮ್ಮ ಕಲ್ಕತ್ತೆಯಲ್ಲಿ, 1815ರಲ್ಲಿ. ಇಂಗ್ಲೆಂಡಿನ ವೈಟ್ ದ್ವೀಪದಲ್ಲಿ ನೆಲೆಸಿದ್ದಾಗ, 1863ರ ಡಿಸೆಂಬರಿನಲ್ಲಿ, ಮಗಳು ಮತ್ತು ಅಳಿಯ ಕ್ಯಾಮೆರಾವೊಂದನ್ನು ಉಡುಗೊರೆಯಾಗಿ ಕೊಟ್ಟರು. ಆಗ ಅವರಿಗೆ 48 ವರ್ಷ. ಮನೆಯಲ್ಲಿ ಕಲ್ಲಿದ್ದಲು ತುಂಬಿಡುತ್ತಿದ್ದ ಕೋಣೆ ಅವರ ಕತ್ತಲೆ ಕೋಣೆಯಾಯಿತು. ಗಾಜು ಹೊದಿಸಿದ್ದ ಕೋಳಿಮನೆ ಚಿತ್ರಶಾಲೆಯಾಯಿತು. ಅಲ್ಲಿದ್ದ ಕೋಳಿಗಳನ್ನು ಹೊರಗೆ ಬಿಟ್ಟುದನ್ನೂ, ಅವುಗಳನ್ನು ಯಾರೂ ತಿಂದಿರಲಾರರೆಂಬ ತಮ್ಮ ಆಶೆಯನ್ನೂ ಆತ್ಮವೃತ್ತಾಂತದಲ್ಲಿ ಅವರು ಮರೆಯದೆ ದಾಖಲಿಸಿದ್ದಾರೆ. ಆ ಕಾಲದ ವಿಧಾನ ಸುಲಭವಾದುದಲ್ಲ. ಗಾಜಿನ ಫಲಕಕ್ಕೆ ಕೊಲೋಡಿಯನ್ ಎಂಬ ಅಂಟು ದ್ರವವನ್ನು ಸವರಿ, ಬೆಳ್ಳಿಯ ಲವಣದಲ್ಲಿ ಅದ್ದಿ, ಒದ್ದೆಯಾಗಿರುವಾಗಲೇ ಬೆಳಕಿಗೆ ಒಡ್ಡಿ, ಒಣಗುವ ಮುನ್ನ ತೊಳೆಯಬೇಕಿತ್ತು. ಎದುರಿಗೆ ಕುಳಿತವರು ಕೆಲವೊಮ್ಮೆ ನಿಮಿಷಗಟ್ಟಲೆ ಅಲುಗದೆ ಇರಬೇಕಿತ್ತು. ರಾಸಾಯನಿಕಗಳಿಂದ ಕೈಗಳು ಕಪ್ಪಾಗುತ್ತಿದ್ದವು.

1864ರ ಜನವರಿಯಲ್ಲಿ ಅವರು ತೆಗೆದ 'ಆ್ಯನಿ' ಎಂಬ ಬಾಲಕಿಯ ಚಿತ್ರ ಅವರ ಮೊದಲ ಯಶಸ್ಸು. ಚಿತ್ರದಲ್ಲಿ ವಿಶೇಷವಾದ ಸಾಮಗ್ರಿಯೇನೂ ಇಲ್ಲ. ದಪ್ಪ ಮೇಲಂಗಿ ತೊಟ್ಟ ಹುಡುಗಿ, ಹಣೆಯಿಂದ ಹಿಂದಕ್ಕೆ ಬಾಚಿದ ಕೂದಲು, ನಮ್ಮನ್ನು ಬಿಟ್ಟು ಪಕ್ಕಕ್ಕೆ ಹೊರಳಿದ ಕಣ್ಣು. ಅಂಚುಗಳೆಲ್ಲ ಮಸುಕು. ಆದರೂ ಆ ಮುಖದಲ್ಲಿ ಒಂದು ಜೀವ ತನ್ನಷ್ಟಕ್ಕೆ ತಾನಿರುವ ಗಾಂಭೀರ್ಯವಿದೆ. ಬೇರೆಯವರಿಗಾಗಿ ಮಾಡಿದ ಮುಖ ಅದಲ್ಲ. ಚಿತ್ರಕ್ಕಿಂತ ಹೆಚ್ಚಾಗಿ ನನ್ನನ್ನು ಯೋಚನೆಗೆ ಹಚ್ಚಿದ್ದು, ಅದು ಸಿದ್ಧಿಸಿದ ಕ್ಷಣದಲ್ಲಿ ಆ ಮಹಿಳೆ ನಡೆದುಕೊಂಡ ರೀತಿ. ಹರ್ಷದಿಂದ ಅವರು ಮನೆಯೆಲ್ಲ ಓಡಾಡಿ ಆ ಮಗುವಿಗೆ ಕೊಡಲು ಉಡುಗೊರೆಗಳನ್ನು ಹುಡುಕಿದರಂತೆ. ಚಿತ್ರವನ್ನು ಮಾಡಿದ್ದು ತಾನಲ್ಲ, ಆ ಮಗುವೇ ಎಂಬ ಭಾವನೆ ಅವರಿಗಾಯಿತಂತೆ. ಅದೇ ದಿನ ರಾತ್ರಿಯಾಗುವಷ್ಟರಲ್ಲಿ ಮುದ್ರಿಸಿ, ಚೌಕಟ್ಟು ಹಾಕಿಸಿ, ಆ ಚಿತ್ರವನ್ನು ಹುಡುಗಿಯ ತಂದೆಗೆ ಕೊಟ್ಟುಬಿಟ್ಟರು.

ಇದರ ಅರ್ಥವನ್ನು ನಾವು ಸಾವಧಾನವಾಗಿ ತೂಗಬೇಕು. ಮಹತ್ತಾದ ಚಿತ್ರ ದೊರೆತಾಗ ಅವರಿಗೆ ಮೊದಲು ಬಂದ ಬಯಕೆ ಕೊಡಬೇಕೆಂಬುದು. ತೆಗೆದುಕೊಂಡದ್ದರ ಋಣ ಅವರಿಗೆ ತಟ್ಟನೆ ಅರಿವಾಯಿತು. ಕರ್ತೃತ್ವದ ಅಭಿಮಾನ ಆ ಕ್ಷಣದ ಮಟ್ಟಿಗಾದರೂ ಕರಗಿತು. ಮುಂದೆ ಅವರು ತಮ್ಮ ಚಿತ್ರಗಳಿಗೆ ಹಕ್ಕು ನೋಂದಾಯಿಸಿದರು, ಮಾರಲೂ ಯತ್ನಿಸಿದರು. ಟೆನಿಸನ್, ಡಾರ್ವಿನ್, ಹರ್ಷೆಲ್ ಮುಂತಾದ ಪ್ರಸಿದ್ಧರನ್ನು ಕುಳ್ಳಿರಿಸಿ ಚಿತ್ರ ತೆಗೆದರು. ಅವರ ಚಿತ್ರಗಳು ಮಸುಕಾಗಿವೆ, ಕುಶಲತೆ ಸಾಲದು ಎಂದು ಅಂದಿನ ಛಾಯಾಗ್ರಹಣ ಪತ್ರಿಕೆಗಳು ಹಳಿದವು. ತಮ್ಮ ಕಣ್ಣಿಗೆ ಸುಂದರವಾಗಿ ಕಂಡ ಬಿಂದುವಿನಲ್ಲಿ ಮಸೂರವನ್ನು ನಿಲ್ಲಿಸುತ್ತೇನೆಂಬುದು ಅವರ ಉತ್ತರವಾಗಿತ್ತು. ಟೀಕಾಕಾರರ ಹೆಸರುಗಳು ಇಂದು ಉಳಿದಿಲ್ಲ. ಆ ಮಸುಕಾದ ಮುಖಗಳು ಉಳಿದಿವೆ.

ಎರಡನೆಯ ಉದಾಹರಣೆ ಫ್ರಾನ್ಸಿನ ಜಾಕ್ ಹೆನ್ರಿ ಲಾರ್ಟಿಗ್ (1894–1986). ಏಳೆಂಟು ವರ್ಷದ ಬಾಲಕನಾಗಿದ್ದಾಗಲೇ ಸಿರಿವಂತ ತಂದೆಯಿಂದ ಕ್ಯಾಮೆರಾ ಪಡೆದ ಇವರು, ಮನೆಯವರ ಓಟ, ಜಿಗಿತ, ಆಟ, ಆಗತಾನೆ ಬಂದ ಮೋಟಾರು, ವಿಮಾನಗಳನ್ನು ಚಿತ್ರಿಸುತ್ತ ಬೆಳೆದರು. ಇವರ ಸ್ಪರ್ಧಾ ಮೋಟಾರಿನ ಚಿತ್ರ ಪ್ರಸಿದ್ಧವಾದುದು. ಮೋಟಾರಿನೊಂದಿಗೆ ಕ್ಯಾಮೆರಾವನ್ನು ತಿರುಗಿಸುತ್ತಿರುವಾಗ, ಅದರೊಳಗಿನ ಪರದೆಯ ಸೀಳು ನಿಧಾನವಾಗಿ ಸರಿಯುತ್ತಿದ್ದುದರಿಂದ, ಚಕ್ರ ಮುಂದಕ್ಕೆ ವಾಲಿದ ಮೊಟ್ಟೆಯಾಕಾರ ತಾಳಿತು; ಬದಿಯಲ್ಲಿ ನಿಂತ ಜನ ಹಿಂದಕ್ಕೆ ವಾಲಿದರು. ಯಂತ್ರದ ಈ ದೋಷವೇ ವೇಗದ ಅನುಭವವನ್ನು ಕಣ್ಣಿಗೆ ಕಟ್ಟುವಂತೆ ಮಾಡಿತು. ದಶಕಗಳ ಕಾಲ ಆ ಚಿತ್ರವನ್ನು ಯಾರೂ ಗಮನಿಸಿರಲಿಲ್ಲ. ಲಾರ್ಟಿಗ್ ತಮ್ಮನ್ನು ವರ್ಣಚಿತ್ರಕಾರರೆಂದೇ ಭಾವಿಸಿದ್ದರು. ಛಾಯಾಚಿತ್ರಗಳನ್ನು ನೂರಕ್ಕೂ ಹೆಚ್ಚು ಆಲ್ಬಮ್‌ಗಳಲ್ಲಿ ಅಂಟಿಸಿಟ್ಟುಕೊಂಡಿದ್ದರು. 1963ರಲ್ಲಿ ನ್ಯೂಯಾರ್ಕಿನ ಆಧುನಿಕ ಕಲಾ ಸಂಗ್ರಹಾಲಯ ಅವುಗಳನ್ನು ಪ್ರದರ್ಶಿಸಿದಾಗ ಅವರಿಗೆ ವಯಸ್ಸು ಎಪ್ಪತ್ತಕ್ಕೆ ಹತ್ತಿರ. 1979ರಲ್ಲಿ ಅವರು ಇಡೀ ಸಂಗ್ರಹವನ್ನು ತಮ್ಮ ದೇಶಕ್ಕೆ ದಾನವಾಗಿ ಕೊಟ್ಟರು. ಸುಖದ ಗಳಿಗೆ ಜಾರಿಹೋಗುತ್ತದೆಂಬ ಅಂಜಿಕೆಯಿಂದ ಕೂಡಿಟ್ಟವರು, ಕೊನೆಗೆ ಕೂಡಿಟ್ಟುದನ್ನು ಬಿಟ್ಟುಕೊಟ್ಟರೆಂಬುದು ಅವರ ಬಾಳಿನ ಸಮಾಧಾನಕರ ಅಂಶ.

ಮೂರನೆಯವರ ವಿಚಾರ ಹೆಚ್ಚು ಜಟಿಲವಾದುದು. ಅಮೆರಿಕೆಯ ವಿವಿಯನ್ ಮಾಯರ್ (1926–2009) ಶಿಕಾಗೋ ನಗರದ ಸುತ್ತಮುತ್ತ ಸುಮಾರು ನಾಲ್ಕು ದಶಕ ಪರರ ಮನೆಗಳಲ್ಲಿ ಮಕ್ಕಳನ್ನು ನೋಡಿಕೊಳ್ಳುವ ದಾದಿಯಾಗಿದ್ದವರು. ಕೊರಳಿಗೆ ರೋಲಿಫ್ಲೆಕ್ಸ್ ಕ್ಯಾಮೆರಾ ತೂಗುಹಾಕಿಕೊಂಡು ಬೀದಿ ಬೀದಿ ಸುತ್ತಿ, ಒಂದು ಲಕ್ಷಕ್ಕೂ ಹೆಚ್ಚು ಚಿತ್ರಗಳನ್ನು ತೆಗೆದರು. ಬಹುಪಾಲನ್ನು ಮುದ್ರಿಸಲಿಲ್ಲ, ನೂರಾರು ಸುರುಳಿಗಳನ್ನು ತೊಳೆಸಲೂ ಇಲ್ಲ. ಬಾಡಿಗೆಗೆ ಪಡೆದಿದ್ದ ಉಗ್ರಾಣದಲ್ಲಿ ಪೆಟ್ಟಿಗೆಗಳು ಪೇರಿಕೊಂಡವು. ಬಾಡಿಗೆ ಸಲ್ಲದೆ 2007ರಲ್ಲಿ ಅವು ಹರಾಜಾದವು. ಅವರು ತೀರಿಕೊಂಡ ಮೇಲೆಯೇ ಅವರ ಹೆಸರು ಜಗತ್ತಿಗೆ ತಿಳಿಯಿತು.

ಅವರ ಚಿತ್ರಗಳ ಗುಣ ನಿರ್ವಿವಾದ. ರೋಲಿಫ್ಲೆಕ್ಸ್ ಕ್ಯಾಮೆರಾವನ್ನು ಕಣ್ಣಿಗೆ ಹಿಡಿಯುವಂತಿಲ್ಲ. ಹೊಟ್ಟೆಯ ಮಟ್ಟದಲ್ಲಿ ಹಿಡಿದು, ತಲೆ ಬಾಗಿಸಿ, ಮೇಲಿನ ಗಾಜಿನಲ್ಲಿ ನೋಡಬೇಕು. ಎದುರಿನವರನ್ನು ದುರುಗುಟ್ಟಿ ನೋಡದೆ, ತಲೆ ತಗ್ಗಿಸಿ ಕಾಣುವ ಈ ಭಂಗಿ ಅವರ ಚಿತ್ರಗಳಲ್ಲಿ ಒಂದು ದೃಷ್ಟಿಯಾಗಿಯೇ ಪರಿಣಮಿಸಿದೆ. ಬೀದಿಯ ಮಕ್ಕಳು, ವೃದ್ಧೆಯರು, ಕೂಲಿಗಳು ಸ್ವಲ್ಪ ಕೆಳಗಿನಿಂದ ಕಂಡವರಾಗಿ ಘನತೆಯಿಂದ ನಿಂತಿದ್ದಾರೆ. ತನ್ನನ್ನೇ ಚಿತ್ರಿಸಿಕೊಳ್ಳುವಾಗಲೂ ಆಕೆ ಅಂಗಡಿಯ ಗಾಜಿನಲ್ಲಿ ಮೂಡಿದ ಬಿಂಬವಾಗಿಯೋ, ನೆಲದ ಮೇಲೆ ಬಿದ್ದ ನೆರಳಾಗಿಯೋ ಕಾಣಿಸಿಕೊಳ್ಳುತ್ತಾರೆ.

ಯಾರಿಗೂ ತೋರಿಸದೆ, ಕೀರ್ತಿಯನ್ನು ಬಯಸದೆ ಚಿತ್ರ ತೆಗೆದ ಈ ಮಹಿಳೆಯನ್ನು ನಿಷ್ಕಾಮಕರ್ಮಿಯೆಂದು ಹೊಗಳುವ ರೂಢಿ ಬೆಳೆದಿದೆ. ಈ ಹೊಗಳಿಕೆಯನ್ನು ನಾನು ಪೂರ್ಣವಾಗಿ ಒಪ್ಪಲಾರೆ. ತೊಳೆಯದ ಸುರುಳಿಗಳು ಒಂದು ಸತ್ಯವನ್ನು ಹೇಳುತ್ತವೆ: ಅವರ ಸಂತೃಪ್ತಿ ಕಾಣುವ ಕ್ಷಣದಲ್ಲಿಯೇ ಮುಗಿಯುತ್ತಿತ್ತು, ಫಲವನ್ನು ನೋಡುವ ಆತುರ ಅವರಿಗಿರಲಿಲ್ಲ. ಇದು ಅಪೂರ್ವವಾದ ಗುಣ. ಆದರೆ ಬಾಡಿಗೆ ಕೊಟ್ಟು ಕಾದಿಟ್ಟ ಪೆಟ್ಟಿಗೆಗಳು ಇನ್ನೊಂದು ಸತ್ಯವನ್ನು ಹೇಳುತ್ತವೆ. ಆಕೆ ಏನನ್ನೂ ಬಿಟ್ಟುಕೊಡಲಿಲ್ಲ. ಚಿತ್ರಗಳಷ್ಟೇ ಅಲ್ಲದೆ, ಹಳೆಯ ಪತ್ರಿಕೆಗಳ ರಾಶಿಗಳನ್ನೂ ಕೂಡಿಡುತ್ತಿದ್ದರೆಂದು ಬಲ್ಲವರು ಹೇಳಿದ್ದಾರೆ. ಪರಿಗ್ರಹದ ನೆಲೆ ವಸ್ತುವಿನಲ್ಲಿಲ್ಲ, ವಸ್ತುವಿನ ಮೇಲಿನ ಮೋಹದಲ್ಲಿದೆ ಎಂಬುದು ನಮ್ಮ ಆಚಾರ್ಯರ ನಿಲುವು. ಆ ದೃಷ್ಟಿಯಿಂದ ನೋಡಿದರೆ, ಕೀರ್ತಿಯ ಮೋಹವಿಲ್ಲದಿರುವುದು ಮತ್ತು ಸಂಗ್ರಹದ ಮೋಹವಿಲ್ಲದಿರುವುದು ಬೇರೆ ಬೇರೆ. ಆಕೆಯ ಮನಸ್ಸನ್ನು ತೀರ್ಪಿಗೆ ಒಳಪಡಿಸುವ ಅಧಿಕಾರ ನನಗಿಲ್ಲ. ಆಕೆ ತಾನಾಗಿ ಕೊಡದಿದ್ದುದನ್ನು ಬೇರೆಯವರು ಹರಾಜಿನಲ್ಲಿ ಕೊಂಡು ಪ್ರಕಟಿಸಿದರು. ಹಕ್ಕು ಯಾರದೆಂಬ ವ್ಯಾಜ್ಯ ನ್ಯಾಯಾಲಯಕ್ಕೂ ಹೋಯಿತು. ಕೊಡದೆ ಉಳಿಸಿದ್ದು ಹೀಗೆ ಕೊನೆಗೆ ಪರರ ಪಾಲಾಗುವುದು ನಮ್ಮ ವ್ಯಾಪಾರಿ ಮನೆತನಗಳಿಗೆ ಹೊಸ ಸಂಗತಿಯೇನಲ್ಲ.

ಮಾಯರ್ ಅವರ ಪೆಟ್ಟಿಗೆಗಳನ್ನು ಕುರಿತು ಬರೆಯುವಾಗ ನನ್ನ ಪೆಟ್ಟಿಗೆಯೇ ಕಣ್ಣಮುಂದೆ ಬರುತ್ತದೆ. 1981ರ ಫೆಬ್ರವರಿಯಲ್ಲಿ, ಶ್ರವಣಬೆಳಗೊಳದ ಬಾಹುಬಲಿ ಮೂರ್ತಿಯ ಸಹಸ್ರಮಾನದ ಮಹಾಮಸ್ತಕಾಭಿಷೇಕಕ್ಕೆ ಹುಬ್ಬಳ್ಳಿಯಿಂದ ನಾವೆಲ್ಲ ಬಸ್ಸಿನಲ್ಲಿ ಹೋಗಿದ್ದೆವು. ಆಗ ನಾನು ಬಿ.ಕಾಂ. ವಿದ್ಯಾರ್ಥಿ. ಸೋದರಮಾವನವರ ಆಗ್ಫಾ ಕ್ಲಿಕ್ ಕ್ಯಾಮೆರಾವನ್ನು ಕಾಡಿ ಬೇಡಿ ತಂದಿದ್ದೆ. ಅದರಲ್ಲಿ ಒಂದೇ ಕಪ್ಪು-ಬಿಳುಪು ಸುರುಳಿ, ಹನ್ನೆರಡೇ ಚಿತ್ರ. ಎರಡು ದಿನ ಅದನ್ನು ಹಿಡಿದುಕೊಂಡು ತಿರುಗಿದೆ. ಪ್ರತಿ ಸಲ ಗುಂಡಿ ಒತ್ತುವ ಮುನ್ನ ಹತ್ತು ಸಲ ಯೋಚಿಸಿದೆ. ತೊಳೆಸಿದಾಗ ಏಳು ಚಿತ್ರ ಬಂದಿದ್ದವು. ಅವುಗಳಲ್ಲಿ ಆರು ಸಾಮಾನ್ಯ. ಏಳನೆಯದರಲ್ಲಿ, ವಿಂಧ್ಯಗಿರಿಯಿಂದ ಇಳಿಯುತ್ತಿದ್ದ ವೃದ್ಧೆಯೊಬ್ಬರು ಮೆಟ್ಟಿಲ ಬದಿಯ ಬಂಡೆಯ ಮೇಲೆ ಕುಳಿತು, ಎರಡೂ ಕೈಗಳಿಂದ ಪಾದವನ್ನು ನೀವಿಕೊಳ್ಳುತ್ತಿದ್ದಾರೆ. ಮುಖದಲ್ಲಿ ನೋವೂ ಇದೆ, ನೋವನ್ನು ಮೀರಿದ ಒಂದು ನಗೆಯೂ ಇದೆ. ಅಷ್ಟು ದೊಡ್ಡ ಉತ್ಸವದ ಸಾರವೆಲ್ಲ ಆ ಪಾದ ಮತ್ತು ಆ ನಗೆಯಲ್ಲಿದೆಯೆಂದು ನನಗೆ ಇಂದಿಗೂ ಅನಿಸುತ್ತದೆ.

2018ರ ಮಹಾಮಸ್ತಕಾಭಿಷೇಕಕ್ಕೂ ಹೋಗಿದ್ದೆ. ಈ ಸಲ ಡಿಜಿಟಲ್ ಕ್ಯಾಮೆರಾ, ಜೇಬಿನಲ್ಲಿ ಮೊಬೈಲು. ಒಂದೇ ದಿನ ಸಾವಿರದ ನೂರಕ್ಕೂ ಮಿಕ್ಕಿ ಚಿತ್ರ ತೆಗೆದೆ. ಐವತ್ತೆಂಟು ಅಡಿಯ ಆ ಮೂರ್ತಿಯ ಮೇಲೆ ಹಾಲು, ಅರಿಶಿನ, ಚಂದನ ಧಾರೆಯಾಗಿ ಇಳಿಯುತ್ತಿದ್ದಾಗ ನಾನು ನೋಡುತ್ತಿದ್ದುದು ಮೂರಂಗುಲದ ಪರದೆಯನ್ನು. ನನ್ನ ಮುಂದಿನವರ ಕೈಗಳಲ್ಲಿಯೂ ಅಂಥದೇ ಪರದೆಗಳು. ಊರಿಗೆ ಬಂದು ಅವನ್ನೆಲ್ಲ ಗಣಕಯಂತ್ರಕ್ಕೆ ತುಂಬಿದೆ. ಎಂಟು ತಿಂಗಳು ತೆರೆದು ನೋಡಲಿಲ್ಲ. ನೋಡಿದಾಗ ಒಂದೂ ನನ್ನನ್ನು ನಿಲ್ಲಿಸಲಿಲ್ಲ. ಯಂತ್ರವನ್ನು ದೂರುವುದು ಸರಿಯಲ್ಲ. ಹನ್ನೆರಡರ ಮಿತಿಯಲ್ಲಿ ಕಣ್ಣು ದುಡಿಯುತ್ತಿತ್ತು; ಮಿತಿ ಹೋದೊಡನೆ ಬೆರಳು ಮಾತ್ರ ದುಡಿಯಿತು. ಗೃಹಸ್ಥನಿಗೆ ಹಿರಿಯರು ವಿಧಿಸಿದ ಪರಿಗ್ರಹ ಪರಿಮಾಣವನ್ನು ನಾನು ಧನಧಾನ್ಯಗಳಿಗೆ ಮಾತ್ರ ಅನ್ವಯಿಸಿಕೊಂಡಿದ್ದೆ. ಚಿತ್ರಗಳಿಗೂ ಪರಿಮಾಣ ಬೇಕೆಂಬುದು ಅಂದು ತಿಳಿಯಿತು.

ಇಲ್ಲಿಯವರೆಗೆ ಸಂಗ್ರಹದ ಮಾತಾಯಿತು. ಈ ಹವ್ಯಾಸದಲ್ಲಿ ಹಿಂಸೆಯ ಪ್ರಶ್ನೆಯೂ ಇದೆ. ಕಾಡುಪ್ರಾಣಿಗಳ ಛಾಯಾಗ್ರಹಣವನ್ನು ಬೇಟೆಗೆ ಪರ್ಯಾಯವೆಂದು ಹೊಗಳುವುದುಂಟು. ಅದಕ್ಕೆ ಆಧಾರವೂ ಇದೆ. ಎಫ್. ಡಬ್ಲ್ಯು. ಚಾಂಪಿಯನ್ (1893–1970) ಎಂಬ ಬ್ರಿಟಿಷ್ ಅರಣ್ಯಾಧಿಕಾರಿ, ಅಂದಿನ ಸಂಯುಕ್ತ ಪ್ರಾಂತದ ಕಾಡುಗಳಲ್ಲಿ ತನ್ನ ಸರೀಕರೆಲ್ಲ ಹುಲಿಯನ್ನು ಬಂದೂಕಿನಿಂದ ಹೊಡೆಯುತ್ತಿದ್ದ ಕಾಲದಲ್ಲಿ, ಕ್ಯಾಮೆರಾವನ್ನು ಕೈಗೆತ್ತಿಕೊಂಡರು. ಹುಲಿ ನಡೆಯುವ ದಾರಿಗೆ ಅಡ್ಡಲಾಗಿ ತಂತಿ ಕಟ್ಟಿ, ಅದು ತಂತಿಯನ್ನು ತಾಕಿದೊಡನೆ ಮಿಂಚುಬೆಳಕು ಹೊತ್ತಿ ಚಿತ್ರ ಮೂಡುವ ಏರ್ಪಾಡು ಮಾಡಿದರು. ಚಿತ್ರ ಮೂಡುವಾಗ ಅಲ್ಲಿ ಮನುಷ್ಯನೇ ಇಲ್ಲ. ಹುಲಿಯೇ ತನ್ನ ಚಿತ್ರವನ್ನು ತೆಗೆದುಕೊಳ್ಳುತ್ತದೆ. 1927ರಲ್ಲಿ ಪ್ರಕಟವಾದ ಅವರ ಗ್ರಂಥ ಅನೇಕರ ಕಣ್ಣು ತೆರೆಸಿತು. ನಮ್ಮ ನಾಡಿನಲ್ಲಿಯೂ ಈ ಪರಂಪರೆ ಹಿರಿದು. ಬೆಂಗಳೂರಿನ ಟಿ.ಎನ್.ಎ. ಪೆರುಮಾಳ್ (1932–2017), ರಾಜ್ಯದ ಹಣಕಾಸು ಸಚಿವರಾಗಿದ್ದ ಸಂಡೂರಿನ ಎಂ.ವೈ. ಘೋರ್ಪಡೆ (1931–2011), ಮೂಡಿಗೆರೆಯ ತೋಟದಲ್ಲಿದ್ದುಕೊಂಡು ಹಕ್ಕಿಗಳ ಬೆನ್ನು ಹತ್ತಿದ ಸಾಹಿತಿ ಪೂರ್ಣಚಂದ್ರ ತೇಜಸ್ವಿ (1938–2007) ಇವರ ಚಿತ್ರಗಳನ್ನು ನೋಡಿ ಬೆಳೆದ ಹವ್ಯಾಸಿಗಳಲ್ಲಿ ನಾನೂ ಒಬ್ಬ. ಆಯವ್ಯಯದ ಲೆಕ್ಕದಲ್ಲಿ ಮುಳುಗಿದ ಸಚಿವರೊಬ್ಬರು ಬಿಡುವು ಮಾಡಿಕೊಂಡು ಕಾಡಿನ ಬೆಳಕು ನೆರಳುಗಳನ್ನು ಕಪ್ಪು-ಬಿಳುಪಿನಲ್ಲಿ ಅಷ್ಟು ಸೂಕ್ಷ್ಮವಾಗಿ ಹಿಡಿದುದು ನನ್ನಂಥ ವರ್ತಕನಿಗೆ ಧೈರ್ಯ ಕೊಟ್ಟಿತು.

ಆದರೆ ಬಂದೂಕಿನ ಜಾಗಕ್ಕೆ ಕ್ಯಾಮೆರಾ ಬಂದ ಮಾತ್ರಕ್ಕೆ ಹಿಂಸೆ ಹೊರಟುಹೋಗುವುದಿಲ್ಲ. ಇದನ್ನು ನಾನು ಗ್ರಂಥಗಳಿಂದ ಕಲಿಯಲಿಲ್ಲ. 1988ರ ಬೇಸಿಗೆಯಲ್ಲಿ ನಮ್ಮ ಹಿತ್ತಲ ಪೇರಲ ಗಿಡದಲ್ಲಿ ಸೂರಕ್ಕಿಯೊಂದು ಗೂಡು ಕಟ್ಟಿತ್ತು. ನಾರು, ಒಣಗಿದ ಎಲೆಚೂರು, ಜೇಡರ ಬಲೆಗಳಿಂದ ಹೆಣೆದ, ಕೊಂಬೆಯಿಂದ ಜೋತಾಡುವ ಚೀಲದಂಥ ಗೂಡು. ಒಳಗೆ ಎರಡು ಮರಿಗಳು. ನನ್ನಲ್ಲಿ ಆಗ ಹಳೆಯ ಜೆನಿತ್ ಕ್ಯಾಮೆರಾ ಇತ್ತು. ತಾಯಿಹಕ್ಕಿ ಮರಿಗೆ ಉಣಿಸುವ ಚಿತ್ರ ಬೇಕಿತ್ತು. ಸುತ್ತಲಿನ ಎಲೆಗಳ ನೆರಳು ಅಡ್ಡಬರುತ್ತಿತ್ತು. ಅಂಗಡಿಯ ಕತ್ತರಿಯನ್ನು ತಂದು ಗೂಡಿನ ಸುತ್ತಲಿನ ಎಲೆಗಳನ್ನು ಕತ್ತರಿಸಿದೆ. ಬೆಳಕು ಬಂತು. ಚಿತ್ರವೂ ಬಂತು: ಬಾಗಿದ ಕೊಕ್ಕು, ತೆರೆದ ಎರಡು ಕೆಂಪು ಬಾಯಿಗಳು, ರೆಕ್ಕೆಯ ಅಂಚಿನಲ್ಲಿ ಬೆಳಗಿನ ಬಿಸಿಲು. ಮರುದಿನ ಮಧ್ಯಾಹ್ನದೊಳಗೆ ಕಾಗೆಗಳು ಗೂಡನ್ನು ಕಂಡುಕೊಂಡು ಮರಿಗಳನ್ನು ಎಳೆದುಹಾಕಿದ್ದವು. ತಾಯಿಹಕ್ಕಿ ಎರಡು ದಿನ ಅಲ್ಲಿಯೇ ಚಡಪಡಿಸಿತು. "ಅದರ ಮನಿ ಮಾಡು ಕಿತ್ತು ಫೋಟೋ ತಗದಿಯಲ್ಲೋ ತಮ್ಮಾ" ಎಂದರು ನಮ್ಮ ಅವ್ವ. ಮತ್ತೇನೂ ಅನ್ನಲಿಲ್ಲ.

ಆ ಚಿತ್ರಕ್ಕೆ ಸ್ಪರ್ಧೆಯೊಂದರಲ್ಲಿ ದ್ವಿತೀಯ ಬಹುಮಾನ ಬಂದಿತು. ಪ್ರಶಸ್ತಿಪತ್ರವನ್ನೂ ಚಿತ್ರವನ್ನೂ ಕಟ್ಟು ಹಾಕಿಸಿ ಅಂಗಡಿಯಲ್ಲಿ ಗಾದಿಯ ಹಿಂದೆ ತೂಗುಹಾಕಿದೆ. ಹದಿನಾಲ್ಕು ವರ್ಷ ಅದು ಅಲ್ಲಿತ್ತು. ಬಂದ ಗಿರಾಕಿಗಳು ಹೊಗಳುತ್ತಿದ್ದರು. ನಾನು ವಿನಯದ ನಗೆ ನಗುತ್ತಿದ್ದೆ. ಮರಿಗಳು ಏನಾದವೆಂದು ಒಬ್ಬರಿಗೂ ಹೇಳಲಿಲ್ಲ. ಎಲೆ ಕತ್ತರಿಸಿದ್ದು ಪ್ರಮಾದದಿಂದಾದ ಹಿಂಸೆ. ಹೊಗಳಿಕೆಯನ್ನು ಸ್ವೀಕರಿಸುತ್ತ ಸುಮ್ಮನಿದ್ದುದು ಮಾಯಾಚಾರ. ಎರಡನೆಯದೇ ಹೆಚ್ಚು ದೀರ್ಘವಾದುದು. 2002ರ ದಶಲಕ್ಷಣ ಪರ್ವದಲ್ಲಿ, ಉತ್ತಮ ಆರ್ಜವದ ದಿನ ಪ್ರವಚನ ಕೇಳಿ ಬಂದು, ಆ ಕಟ್ಟನ್ನು ಕೆಳಗಿಳಿಸಿದೆ. ವಿಮರ್ಶೆಯ ದೃಷ್ಟಿಯಿಂದ ಹೇಳುವುದಾದರೆ ಆ ಚಿತ್ರ ಕೆಟ್ಟದಲ್ಲ. ಬೆಳಕು, ವಿನ್ಯಾಸ, ಕ್ಷಣ ಎಲ್ಲವೂ ಸರಿಯಾಗಿವೆ. ಆದರೂ ಅದನ್ನು ಶ್ರೇಷ್ಠವೆನ್ನಲು ನನ್ನ ನಾಲಗೆ ಏಳದು. ಚಿತ್ರದ ಬೆಲೆಯನ್ನು ಚಿತ್ರದೊಳಗೆ ಮಾತ್ರ ನೋಡಬೇಕೆಂದು ವಾದಿಸುವ ಕಲಾವಿಮರ್ಶಕರಿದ್ದಾರೆ. ಸರಕಿನ ಗುಣವನ್ನು ಸರಕಿನಲ್ಲಿಯೇ ನೋಡಬೇಕೆಂಬುದು ವ್ಯಾಪಾರದಲ್ಲಿಯೂ ಒಂದು ವಾದ. ಆದರೆ ಕದ್ದ ಬಟ್ಟೆಯೆಂದು ತಿಳಿದ ಮೇಲೆ ಅದರ ನೇಯ್ಗೆಯನ್ನು ಹೊಗಳುತ್ತ ಕುಳಿತುಕೊಳ್ಳುವ ವರ್ತಕನನ್ನು ನಾವು ಸಜ್ಜನನೆನ್ನುವುದಿಲ್ಲ.

ಕಣ್ಣಿಗೆ ಕಾಣದ ಇನ್ನೊಂದು ಹಿಂಸೆಯನ್ನೂ ಹೇಳಿಬಿಡಬೇಕು. 1871ರಲ್ಲಿ ರಿಚರ್ಡ್ ಲೀಚ್ ಮ್ಯಾಡಾಕ್ಸ್ ಎಂಬ ವೈದ್ಯರು ಬೆಳ್ಳಿಯ ಲವಣವನ್ನು ಫಲಕಕ್ಕೆ ಅಂಟಿಸಲು ಜೆಲಟಿನ್ ಬಳಸುವ ವಿಧಾನವನ್ನು ಪ್ರಕಟಿಸಿದರು. ಅಂದಿನಿಂದ ಫಿಲ್ಮು ಮತ್ತು ಮುದ್ರಣದ ಕಾಗದಗಳೆರಡರಲ್ಲಿಯೂ ಜೆಲಟಿನ್ ನೆಲೆಸಿತು. ಇದನ್ನು ದನಕರುಗಳ ಮೂಳೆ, ಚರ್ಮಗಳನ್ನು ಬೇಯಿಸಿ ತೆಗೆಯುತ್ತಾರೆ. ಕೆಲವು ಜೆಲಟಿನ್ ಬಳಸಿದಾಗ ಫಿಲ್ಮಿನ ಗ್ರಹಣಶಕ್ತಿ ಹೆಚ್ಚುವುದೇಕೆಂದು ಕೊಡಕ್ ಸಂಸ್ಥೆಯ ವಿಜ್ಞಾನಿ ಶೆಪ್ಪರ್ಡ್ 1925ರ ಸುಮಾರಿಗೆ ಶೋಧಿಸಿದಾಗ, ದನಗಳು ಮೇಯ್ದ ಸಾಸಿವೆ ಜಾತಿಯ ಗಿಡಗಳಲ್ಲಿನ ಗಂಧಕಾಂಶವೇ ಕಾರಣವೆಂದು ತಿಳಿಯಿತು. ಅದಕ್ಕೂ ಮುಂಚೆ, ಕೋಳಿಗಳನ್ನು ಹೊರಬಿಟ್ಟ ಶ್ರೀಮತಿ ಕ್ಯಾಮರಾನ್ ಅವರು ಚಿತ್ರ ಮುದ್ರಿಸುತ್ತಿದ್ದ ಕಾಗದಕ್ಕೆ ಲೇಪಿಸುತ್ತಿದ್ದುದು ಕೋಳಿಮೊಟ್ಟೆಯ ಬಿಳಿಯನ್ನೇ. ಮಿಠಾಯಿಯ ಪೊಟ್ಟಣವನ್ನೂ ತಿರುಗಿಸಿ ಓದುವ ನಾವು, ದಶಕಗಳ ಕಾಲ ತೀರ್ಥಂಕರರ ಬಿಂಬಗಳ ಫೋಟೋಗಳನ್ನು ಇದರ ಮೇಲೆಯೇ ಮುದ್ರಿಸಿ ಪೂಜಿಸಿದೆವು. ಡಿಜಿಟಲ್ ಕ್ಯಾಮೆರಾ ಬಂದು ಫಿಲ್ಮಿನ ಬಳಕೆ ಬಹುಮಟ್ಟಿಗೆ ತಪ್ಪಿತು. ಆದರೂ ಬೆಳ್ಳಿಯ ಲೇಪವಿರುವ ಸಾಂಪ್ರದಾಯಿಕ ಕಾಗದದಲ್ಲಿ ಜೆಲಟಿನ್ ಇಂದಿಗೂ ಇದೆ. ಇದನ್ನು ಹೇಳುವುದು ಯಾರನ್ನೂ ಹಳಿಯುವುದಕ್ಕಲ್ಲ. ನಿರ್ದೋಷವಾದ ಹವ್ಯಾಸವೆಂದು ಎದೆಯುಬ್ಬಿಸುವ ಮುನ್ನ ಲೆಕ್ಕದ ಎರಡೂ ಬದಿಗಳನ್ನು ಬರೆಯಬೇಕು, ಅಷ್ಟೆ.

ಇಷ್ಟಾದ ಮೇಲೆ, ಈ ಹವ್ಯಾಸವನ್ನು ಬಿಟ್ಟುಬಿಡುವುದೇ ಲೇಸಲ್ಲವೇ ಎಂದು ವಾಚಕರು ಕೇಳಬಹುದು. ಶ್ರೇಷ್ಠ ಚಿತ್ರ ಬೇಕೆಂಬ ಹಂಬಲವೇ ಲೋಭದ ಒಂದು ರೂಪವೆಂದು ಮಿತ್ರರೊಬ್ಬರು ನನ್ನೊಡನೆ ವಾದಿಸಿದ್ದಾರೆ. ಅವರ ಮಾತನ್ನು ತಳ್ಳಿಹಾಕಲಾರೆ. ಆದರೆ ನನ್ನ ಅನುಭವ ಇನ್ನೊಂದನ್ನು ಹೇಳುತ್ತದೆ. ಶ್ರೇಷ್ಠ ಚಿತ್ರವನ್ನು ಬಲವಂತದಿಂದ ಪಡೆಯಲಾಗುವುದಿಲ್ಲ. ಮುಂಜಾನೆ ಕೆರೆಯ ದಂಡೆಯ ಮೇಲೆ ಅಲುಗದೆ ಎರಡು ಗಂಟೆ ಕುಳಿತಾಗ, ನೀರಿನ ಮೇಲಿನ ಮಂಜು ಕರಗುವುದನ್ನೂ, ಬೆಳ್ಳಕ್ಕಿಯ ಕಾಲು ಕೆಸರಿನಿಂದ ಏಳುವುದನ್ನೂ ಕಣ್ಣು ಒಂದೊಂದಾಗಿ ಗಮನಿಸತೊಡಗುತ್ತದೆ. ಅಂಗಡಿಯ ಉದ್ರಿ, ಬ್ಯಾಂಕಿನ ಕಂತು ಯಾವುದೂ ನೆನಪಿಗೆ ಬರುವುದಿಲ್ಲ. ಎಷ್ಟೋ ದಿನ ಒಂದು ಚಿತ್ರವನ್ನೂ ತೆಗೆಯದೆ ಹಗುರಾದ ಮನಸ್ಸಿನಿಂದ ಹಿಂದಿರುಗಿದ್ದೇನೆ. ಆ ಎರಡು ಗಂಟೆಗಳನ್ನು ಸಾಮಾಯಿಕಕ್ಕೆ ಸಮನೆಂದು ಹೇಳುವ ಧಾರ್ಷ್ಟ್ಯ ನನಗಿಲ್ಲ. ಚಂಚಲವಾದ ವ್ಯಾಪಾರಿ ಮನಸ್ಸು ಒಂದೆಡೆ ನಿಲ್ಲುವುದನ್ನು ಅಲ್ಲಿ ಕಲಿತಿತೆಂದು ಹೇಳಬಲ್ಲೆ. ಈ ಹವ್ಯಾಸದ ನಿಜವಾದ ಸಂತೃಪ್ತಿ ಇದು. ಚಿತ್ರ ಬಂದರೆ ಅದು ಈ ನೋಟಕ್ಕೆ ದೊರೆತ ರಸೀತಿ. ರಸೀತಿಯನ್ನೇ ಧನವೆಂದು ಭ್ರಮಿಸಿದಾಗ ಗ್ರಹಣ ಪರಿಗ್ರಹವಾಗುತ್ತದೆ.

ಆದುದರಿಂದ ಈಗ ನಾನು ಒಂದು ಕ್ರಮವನ್ನು ಇಟ್ಟುಕೊಂಡಿದ್ದೇನೆ. ದೀಪಾವಳಿಯ ಹೊತ್ತಿಗೆ ಹಳೆಯ ವಹಿ ಮುಗಿಸಿ ಹೊಸ ವಹಿ ತೆರೆಯುವಾಗ, ವರ್ಷದ ಚಿತ್ರಗಳನ್ನೂ ಮುಂದೆ ಹಾಕಿಕೊಳ್ಳುತ್ತೇನೆ. ಹನ್ನೆರಡನ್ನು ಆರಿಸಿ ಉಳಿದವನ್ನು ಅಳಿಸಿಬಿಡುತ್ತೇನೆ. ಆರಿಸುವಾಗ ಪ್ರತಿಯೊಂದನ್ನೂ ಕೇಳುವುದುಂಟು: ಇದನ್ನು ತೆಗೆಯುವಾಗ ನಾನು ನಿಜವಾಗಿ ನೋಡಿದೆನೇ? ಯಾವ ಜೀವಕ್ಕಾದರೂ ನೋವಾಯಿತೇ? ಇದನ್ನು ಯಾರಿಗೆ ಕೊಡಬೇಕಾಗಿದೆ? ಹನ್ನೆರಡು ತುಂಬದ ವರ್ಷಗಳೂ ಇವೆ. ನಮ್ಮ ಬಸದಿಗಳ ಟ್ರಸ್ಟುಗಳಿಗೂ ಒಂದು ವಿನಂತಿ. ಹಿಂದಿನ ಪಂಚಕಲ್ಯಾಣ, ರಥೋತ್ಸವಗಳ ಫೋಟೋಗಳು ಎಷ್ಟೋ ಕಡೆ ಕಪಾಟಿನಲ್ಲಿ ಕಟ್ಟುಕಟ್ಟಾಗಿ ಬಿದ್ದಿರುತ್ತವೆ. ಹಿಂಬದಿಯಲ್ಲಿ ಇಸವಿಯೂ ಇಲ್ಲ, ಹೆಸರೂ ಇಲ್ಲ. ಗುರುತಿಸಬಲ್ಲ ಹಿರಿಯರು ಇರುವಾಗಲೇ ಅವರನ್ನು ಕೂರಿಸಿ ಬರೆಯಿಸಿಕೊಳ್ಳಬೇಕು. ಆಯಾ ಮನೆತನಗಳಿಗೆ ಒಂದೊಂದು ಪ್ರತಿ ಮುಟ್ಟಿಸಬೇಕು.

ಈ ಮಾತನ್ನು ನಾನು ಉಪದೇಶವಾಗಿ ಹೇಳುತ್ತಿಲ್ಲ. ವಿಂಧ್ಯಗಿರಿಯ ಮೆಟ್ಟಿಲ ಬದಿಯಲ್ಲಿ ಕುಳಿತಿದ್ದ ಆ ವೃದ್ಧೆಯ ಚಿತ್ರ ಇಂದಿಗೂ ನನ್ನ ಕೋಣೆಯಲ್ಲಿದೆ. ನನ್ನ ಕೈಯಿಂದಾದ ಅತ್ಯುತ್ತಮ ಚಿತ್ರ ಅದೇ. ಅಂದು ನಾನು ಅವರ ಹೆಸರನ್ನು ಕೇಳಲಿಲ್ಲ, ಊರನ್ನು ಕೇಳಲಿಲ್ಲ. ಚಿತ್ರ ತೆಗೆದೆ, ಮೇಲಕ್ಕೆ ಹತ್ತಿಹೋದೆ. ಶ್ರೀಮತಿ ಕ್ಯಾಮರಾನ್ ಅದೇ ದಿನ ತೀರಿಸಿದ ಋಣವನ್ನು ನಾನು ಎಂದಿಗೂ ತೀರಿಸಲಾರೆ. ಈಗ ಯಾರ ಚಿತ್ರ ತೆಗೆದರೂ ಮೊದಲು ಹೆಸರು ಕೇಳುತ್ತೇನೆ; ಪ್ರತಿ ಕಳಿಸಲು ವಿಳಾಸ ಬರೆದುಕೊಳ್ಳುತ್ತೇನೆ.